ಅಡ್ಡಹೆಸರು ಹೇಳುವ ಊರು ತೇರದಾಳ

ಜಮಖಂಡಿಯಿಂದ ಕುಡಚಿಯ ಕಡೆಗೆ ಹೋಗುವ ಬಸ್ಸು ಹತ್ತಿದರೆ ಬನಹಟ್ಟಿ, ರಬಕವಿ ದಾಟಿದ ಮೇಲೆ ತೇರದಾಳ ಬರುತ್ತದೆ. ಬನಹಟ್ಟಿ, ರಬಕವಿಯ ಓಣಿಗಳಲ್ಲಿ ಮಗ್ಗದ ಸದ್ದು ಕಿವಿಗೆ ಬೀಳುತ್ತಲೇ ಇರುತ್ತದೆ. ಆ ಸದ್ದು ಹಿಂದೆ ಸರಿದಂತೆ ರಸ್ತೆಯ ಎರಡೂ ಕಡೆ ಕಬ್ಬು, ನಡುನಡುವೆ ಅರಿಷಿಣದ ಹೊಲ. ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಕೃಷ್ಣಾ ನದಿ. ಕಪ್ಪು ಮಣ್ಣು, ಬಿಳಿ ಜೋಳದ ರೊಟ್ಟಿ, ಕಡಕ್ ಬಿಸಿಲು, ಅದಕ್ಕಿಂತ ಕಡಕ್ ಮಾತು.

ಬಸ್ಸಿನಿಂದ ಇಳಿದು ಕಟ್ಟೆಯ ಮೇಲೆ ಕೂತ ಹಿರಿಯರನ್ನು ದಾರಿ ಕೇಳಿ ನೋಡಿ. ದಾರಿ ತೋರಿಸುವ ಮೊದಲು ಅವರೇ ನಿಮ್ಮನ್ನು ಕೇಳುತ್ತಾರೆ: "ಯಾವೂರ್ರಿ? ಯಾರ ಪೈಕಿ?"

ಬೆಂಗಳೂರಿನಿಂದ ಬಂದ ಮಕ್ಕಳಿಗೆ ಇದು ವಿಚಿತ್ರ ಅನ್ನಿಸುತ್ತದೆ. ದಾರಿ ಕೇಳಿದರೆ ಇವರೇಕೆ ನಮ್ಮ ಮನೆತನ ಕೇಳುತ್ತಾರೆ ಎಂದು ಮುಖ ಸಿಂಡರಿಸುತ್ತಾರೆ. ಪೈಕಿ ಎಂದರೆ ಕಡೆಯವರು, ಬಳಗದವರು. ಎದುರಿಗೆ ನಿಂತ ಮನುಷ್ಯನನ್ನು ಯಾವುದಾದರೂ ಒಂದು ಮನೆಯ ಜೊತೆ ಜೋಡಿಸಿಕೊಳ್ಳದೆ ನಮ್ಮ ಕಡೆಯ ಹಿರಿಯರಿಗೆ ಸಮಾಧಾನವಿಲ್ಲ. ಎರಡು ಮಾತಿನೊಳಗೆ "ಹಂಗಾರ ನಮ್ಮ ಬೀಗರ ಊರಾಂವ ನೀ, ಬಾ ಚಹಾ ಕುಡದ ಹೋಗು" ಎಂದು ಎದ್ದೇ ಬಿಡುತ್ತಾರೆ. ತೇರದಾಳವನ್ನು ನೋಡಲು ಬರುವವರು ಈ ಪ್ರಶ್ನೆಯನ್ನೇ ಕೈದೀಪ ಮಾಡಿಕೊಳ್ಳಬಹುದು. ನಾನೂ ನಿಮ್ಮನ್ನು ಹಾಗೆಯೇ ಸುತ್ತಾಡಿಸುತ್ತೇನೆ.

ಮೊದಲು ಊರಿನದೇ ಮನೆತನ ನೋಡೋಣ. ಇಲ್ಲಿ ಸುಮಾರು 900 ವರ್ಷ ಹಳೆಯದಾದ ಒಂದು ಶಾಸನವಿದೆ. ಕ್ರಿ.ಶ. 1123ರ ಸುಮಾರಿನದು. ಅದರಲ್ಲಿ ಊರಿನ ಹೆಸರು ತೇರಿದಾಳ. ಆಗ ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ. ಗೊಂಕ ಎಂಬ ಮಾಂಡಲಿಕ ಇಲ್ಲಿ ನೇಮಿನಾಥ ತೀರ್ಥಂಕರರ ಬಸದಿ ಕಟ್ಟಿಸಿದ. ಇನ್ನೊಂದು ಕಡೆ ಪ್ರಭುಲಿಂಗೇಶ್ವರನ ಗುಡಿ ಇದೆ. ಅಲ್ಲಮಪ್ರಭುವಿನ ಹೆಸರಿನ ಈ ಗುಡಿಯೇ ಇಂದು ಊರಿನ ದೊಡ್ಡ ಗುರುತು. ಬಸದಿಯೂ ಗುಡಿಯೂ ಮಸೀದಿಯೂ ಒಂದೇ ಊರಿನ ಬೇರೆ ಬೇರೆ ಓಣಿಗಳಲ್ಲಿವೆ.

ಶಾಸನಗಳಲ್ಲಿ ಒಂದು ಪದ್ಧತಿ ಉಂಟು. ದಾನ ಕೊಟ್ಟವನ ಹೆಸರು ಬರೆಯುವ ಮೊದಲು ಅವನ ವಂಶವನ್ನು ಹೇಳುತ್ತಾರೆ. ಅವನ ತಂದೆ ಯಾರು, ಅಜ್ಜ ಯಾರು, ಅವರು ಎಂಥ ಶೂರರು ಎಂದೆಲ್ಲ. ಎಂದರೆ "ಯಾರ ಪೈಕಿ?" ಎಂಬ ಪ್ರಶ್ನೆಗೆ ಕಲ್ಲು ಕೂಡ ಉತ್ತರ ಕೊಡುತ್ತದೆ. ಆದರೆ ಕಲ್ಲಿನ ಮೇಲೆ ಬರೆಸಲು ರಾಜರಿಗೆ, ಮಾಂಡಲಿಕರಿಗೆ, ದೊಡ್ಡ ವ್ಯಾಪಾರಿಗಳಿಗೆ ಮಾತ್ರ ಸಾಧ್ಯವಿತ್ತು. ಬಸದಿಗೆ ಕಲ್ಲು ಹೊತ್ತವನ, ಗಾರೆ ಕಲಸಿದವಳ ಮನೆತನ ಎಲ್ಲಿ ಸಿಗಬೇಕು?

ಅದು ನನಗೆ ಸಿಕ್ಕಿದ್ದು ಬ್ಯಾಂಕಿನ ಲೆಜರಿನಲ್ಲಿ! ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಎರಡು ಕೈಯಲ್ಲಿ ಎತ್ತಬೇಕಾದಷ್ಟು ದಪ್ಪ ಲೆಜರುಗಳು. ಖಾತೆದಾರರ ಹೆಸರುಗಳನ್ನು ದಿನವೂ ಓದಿ ಓದಿ ನನಗೊಂದು ಹವ್ಯಾಸ ಅಂಟಿತು. ಅಡ್ಡಹೆಸರು ನೋಡಿ ಆ ಮನೆಯ ಹಿರಿಯರ ಕಸುಬು ಊಹಿಸುವುದು. ಬಡಿಗೇರ, ಕಂಬಾರ, ಕುಂಬಾರ, ಗಾಣಿಗೇರ, ಹೂಗಾರ, ಬಳಿಗಾರ ಇವೆಲ್ಲ ಸುಲಭ. ತಳವಾರ, ವಾಲೀಕಾರ ಎಂದರೆ ಊರು ಕಾಯ್ದವರು. ಪಟ್ಟಣಶೆಟ್ಟಿ ಎಂದರೆ ಪೇಟೆಯ ಹಿರಿಯ ವ್ಯಾಪಾರಿಯ ಮನೆ. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳನ್ನು ಒಟ್ಟಿಗೆ ಓದಿದರೆ ಸಂತೆಗೆ ಹೋಗಿ ಬಂದ ಹಾಗೆಯೇ.

ಇನ್ನೊಂದು ಬಗೆ ಊರಿನ ಹೆಸರಿನದು. ಮುಧೋಳ, ಸಾವಳಗಿ, ಕೊಣ್ಣೂರ, ಜಮಖಂಡಿ ಎಂಬ ಅಡ್ಡಹೆಸರಿನವರನ್ನು ನೋಡಿರುತ್ತೀರಿ. ಇಲ್ಲೊಂದು ತಮಾಷೆ ಇದೆ. ಮುಧೋಳದಲ್ಲೇ ಇದ್ದವರನ್ನು ಯಾರೂ ಮುಧೋಳ ಎಂದು ಕರೆಯುವುದಿಲ್ಲ. ಅಲ್ಲಿಂದ ಹೊರಟು ಬೇರೆ ಊರಿಗೆ ಬಂದು ನೆಲೆಸಿದವರಿಗೆ ಆ ಹೆಸರು ಅಂಟುತ್ತದೆ. ಊರು ಬಿಟ್ಟವರಿಗೇ ಊರಿನ ಹೆಸರು! ತೇರದಾಳ ಎಂಬ ಅಡ್ಡಹೆಸರಿನವರು ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಸಿಕ್ಕರೆ ತಿಳಿಯಿರಿ, ಅವರ ಮುತ್ಯಾನೋ ಮುತ್ಯಾನ ಅಪ್ಪನೋ ಒಂದು ದಿನ ಗಂಟು ಕಟ್ಟಿಕೊಂಡು ಇಲ್ಲಿಂದ ಹೊರಟಿದ್ದ. ಬರ ಬಂದಿತ್ತೋ, ಸಾಲವೋ, ಹೆಂಡತಿಯ ತವರಿನಲ್ಲಿ ಹೊಲ ಸಿಕ್ಕಿತ್ತೋ. ಕಾರಣ ಮರೆತು ಹೋಗಿದೆ, ಹೆಸರು ಉಳಿದಿದೆ.

ಲೆಜರಿನಲ್ಲಿ ಅಂಬಿಗೇರ ಎಂಬ ಹೆಸರು ಬಂದರೆ ನನಗೆ ಕೃಷ್ಣೆ ನೆನಪಾಗುತ್ತಿದ್ದಳು. ನದಿ ದಾಟಿಸುವುದು, ಮೀನು ಹಿಡಿಯುವುದು ಈ ಮನೆತನಗಳ ಕಸುಬು. 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯ ಇವರ ಹೆಮ್ಮೆ. ಸೇತುವೆಗಳು ಕಡಿಮೆ ಇದ್ದ ಕಾಲದಲ್ಲಿ ಈಚೆ ದಡದಿಂದ ಅಥಣಿ ಕಡೆಯ ದಡಕ್ಕೆ ಮದುವೆ ದಿಬ್ಬಣವೂ ಹೋಗುತ್ತಿದ್ದದ್ದು ಅವರ ಹುಟ್ಟಿನ ಬಲದಿಂದಲೇ.

ಮೀನು ಹಿಡಿಯುವವರ ಜೊತೆ ದಡದಲ್ಲಿ ಕೂತರೆ ಅದೊಂದು ಶಾಲೆ. ಗಾಳಕ್ಕೆ ಎರೆಹುಳ ಸಿಕ್ಕಿಸಿ ಸುಮ್ಮನೆ ಕೂಡಬೇಕು. ಬೀಸುಬಲೆಯಾದರೆ ಒಂದೇ ಬೀಸಿನಲ್ಲಿ ನೀರಿನ ಮೇಲೆ ದುಂಡಗೆ ಹರಡಬೇಕು. ನೀರಿನ ಬಣ್ಣ ಕೆಂಪಾದರೆ ಮೇಲೆ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಬಿದ್ದಿದೆ ಎಂದು ಅವರಿಗೆ ಗೊತ್ತಾಗುತ್ತದೆ. ಕೃಷ್ಣೆ ಹುಟ್ಟುವುದೇ ಅಲ್ಲಿನ ಮಹಾಬಳೇಶ್ವರದಲ್ಲಿ ತಾನೇ? ಮಳೆಗಾಲದ ಹೊಸ ನೀರಿಗೆ ಮೀನು ಮೊಟ್ಟೆ ಇಡಲು ಎದುರು ಈಜುತ್ತವೆ. "ಬಸಿರ ಮೀನಕ್ಕ ಬಲೀ ಹಾಕಬಾರದ್ರಿ, ಮುಂದಿನ ವರ್ಷ ಏನ ತಿಂತೀರಿ?" ಎಂದು ಒಬ್ಬ ಹಿರಿಯ ಅಂಬಿಗ ನನಗೆ ಹೇಳಿದ್ದ. ಅಸಲು ಮುಟ್ಟದೆ ಬಡ್ಡಿಯಲ್ಲಿ ಬದುಕು ಎಂದು ಬ್ಯಾಂಕಿನಲ್ಲಿ ನಾವು ಹೇಳುವುದೂ ಅದನ್ನೇ! ಮದ್ದು ಸಿಡಿಸಿ, ವಿಷ ಹಾಕಿ ಮೀನು ಕೊಲ್ಲಬಾರದೆಂದು ಸರಕಾರ 1897ರಲ್ಲೇ ಕಾಯ್ದೆ ಮಾಡಿದೆ. ಅಂಬಿಗರ ಮನೆಯ ಕಾಯ್ದೆ ಅದಕ್ಕಿಂತ ಹಳೆಯದು.

ಈಗ ಹಿಪ್ಪರಗಿಯ ಬ್ಯಾರೇಜಿನಿಂದ ನದಿಯಲ್ಲಿ ಹೆಚ್ಚು ಕಾಲ ನೀರು ನಿಲ್ಲುತ್ತದೆ. ಕಬ್ಬಿಗೆ ಒಳ್ಳೆಯದಾಯಿತು. ಆದರೆ 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ದಡದ ಹಳ್ಳಿಗಳ ಜನ ದನಕರು ಕಟ್ಟಿಕೊಂಡು ಮನೆ ಬಿಟ್ಟು ಹೋಗಬೇಕಾಯಿತು. ನದಿ ಕೊಡುವುದನ್ನೂ ತಕ್ಕೊಳ್ಳುವುದನ್ನೂ ದಡದವರು ಬಲ್ಲರು.

ಇನ್ನು ಬೇಟೆಯ ಮಾತು. ತೇರದಾಳದಿಂದ ದಕ್ಷಿಣಕ್ಕೆ ಮುಧೋಳದ ಕಡೆ ತಿರುಗಿದರೆ ಅಲ್ಲಿನ ನಾಯಿಯ ಹೆಸರು ಕೇಳದವರಿಲ್ಲ. ಉದ್ದ ಕಾಲು, ಸಣ್ಣ ನಡು, ಚೂಪು ಮುಖ. ಮೂಸಿ ಹುಡುಕುವುದಕ್ಕಿಂತ ಕಣ್ಣಿಂದ ಕಂಡು ಓಡಿ ಹಿಡಿಯುವ ಜಾತಿ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಅಕ್ಕರೆಯಿಂದ ಬೆಳೆಸಿ ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ತಂದಿತು. ಈಚೆಗೆ ಸೈನ್ಯವೂ ಈ ನಾಯಿಗಳನ್ನು ತೆಗೆದುಕೊಂಡು ತರಬೇತಿ ಕೊಟ್ಟಿದೆ. ರಾಜರ ಅರಮನೆಗಿಂತ ಮೊದಲು ಈ ನಾಯಿ ಇದ್ದದ್ದು ಬೇಡರ, ಕುರಿಗಾರರ ಗುಡಿಸಲಿನ ಮುಂದೆ. ಜೋಳದ ರೊಟ್ಟಿ ತಿಂದು ಮೊಲದ ಹಿಂದೆ ಓಡುತ್ತಿತ್ತು.

ಬೇಡರಿಗೆ ಬೇಟೆಯ ಆಯುಧ ಎಂದರೆ ಅನ್ನದ ತಟ್ಟೆ ಇದ್ದ ಹಾಗೆ. 1857ರಲ್ಲಿ ಬ್ರಿಟಿಷ್ ಸರಕಾರ ಎಲ್ಲರೂ ಆಯುಧ ಒಪ್ಪಿಸಬೇಕೆಂದು ಕಾಯ್ದೆ ತಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಅದೇ ವರ್ಷದ ನವೆಂಬರ್ ಕೊನೆಗೆ ದಂಡು ಬಂದು ಹಳ್ಳಿಯನ್ನು ಮುತ್ತಿತು, ಬೆಂಕಿ ಹಚ್ಚಿತು. ಎಷ್ಟೋ ಜನ ಸತ್ತರು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಅವರಿಗೆ ಯಾರೂ ಶಾಸನ ಹಾಕಿಸಲಿಲ್ಲ. ಊರ ಜನ ಲಾವಣಿ ಕಟ್ಟಿ ಹಾಡಿದರು. ಜಡಗ, ಬಾಲ ಎಂಬ ಹೆಸರುಗಳು ಇವತ್ತಿಗೂ ಉಳಿದಿರುವುದು ಆ ಹಾಡಿನಿಂದ. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಇಂಥ ಲಾವಣಿಗಳನ್ನು 1880ರ ದಶಕದಲ್ಲಿ ಬರೆಸಿಕೊಂಡು ಅಚ್ಚು ಮಾಡಿಸಿದ. ತೇರದಾಳದ ಶಾಸನವನ್ನು ಓದಿ ಪ್ರಕಟಿಸಿದವನೂ ಅವನೇ. ಮಾಂಡಲಿಕನ ಕಲ್ಲು, ಬೇಡರ ಹಾಡು ಎರಡಕ್ಕೂ ಅವನ ಕಾಗದದಲ್ಲಿ ಜಾಗ ಸಿಕ್ಕಿತು.

ಮಕ್ಕಳೇ, ಇವತ್ತು ಮೊಲ ಹಿಡಿಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಬೀಳಗಿ, ಮುಧೋಳ ತಾಲ್ಲೂಕುಗಳ ನಡುವೆ ಯಡಹಳ್ಳಿಯಲ್ಲಿ ಚಿಂಕಾರಗಳಿಗಾಗಿಯೇ ವನ್ಯಜೀವಿ ಧಾಮವಾಗಿದೆ. ಚಿಂಕಾರ ಎಂದರೆ ಸಣ್ಣ ಜಾತಿಯ ಹುಲ್ಲೆ. ಕುರುಚಲು ಗಿಡಗಳ ನಡುವೆ ತಲೆ ಎತ್ತಿ ನೋಡಿ ಒಂದೇ ನೆಗೆತಕ್ಕೆ ಮಾಯವಾಗುತ್ತದೆ. ಕಟ್ಟೆಯ ಮೇಲೆ ಇದರ ಬಗ್ಗೆ ಎರಡು ಮಾತುಂಟು. "ನಮ್ಮ ಹಿರೇರು ಬ್ಯಾಟಿ ಆಡಿದ್ರು, ಅಡವಿ ಇತ್ತು. ಈಗ ಬ್ಯಾಟಿ ಇಲ್ಲ, ಅಡವೀನೂ ಇಲ್ಲ" ಎಂದು ಒಬ್ಬರು. "ಹಿರೇರ ಹತ್ರ ಬಿಲ್ಲಿತ್ತು, ಈಗಿನವರ ಹತ್ರ ಜೀಪು, ಬಂದೂಕು. ಬಿಟ್ರ ಒಂದ ಮೊಲಾನೂ ಉಳಿಯಂಗಿಲ್ಲ" ಎಂದು ಇನ್ನೊಬ್ಬರು. ನನ್ನ ಮತ ಎರಡನೆಯವರಿಗೆ. ಹಿರಿಯರು ಬೇಟೆಯಾಡುತ್ತಿದ್ದರು ಎಂಬುದು ತಿಳಿದಿರಲಿ. ಆದರೆ ಅವರು ಮಾಡಿದ್ದನ್ನೆಲ್ಲ ನಾವೂ ಮಾಡಬೇಕೆಂದೇನಿಲ್ಲ.

ಕಟ್ಟೆ ಅಂದ ಮೇಲೆ ರಾಜಕೀಯ ಬಾರದೆ ಇರುತ್ತದೆಯೇ? ತೇರದಾಳದ ಕಟ್ಟೆಗೆ ರಾಜಕೀಯ ಹೊಸದಲ್ಲ. ಸ್ವಾತಂತ್ರ್ಯದ ಮೊದಲು ತೇರದಾಳ ಸಾಂಗ್ಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ಜಮಖಂಡಿಯಲ್ಲಿ ಬೇರೆ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ಒಂದು ದಿನದ ಬಂಡಿ ಪ್ರಯಾಣದಲ್ಲಿ ಮೂರು ರಾಜ್ಯ! ನಮ್ಮ ಅಪ್ಪ ಹುಟ್ಟಿದ್ದು ಸಾಂಗ್ಲಿ ಸಂಸ್ಥಾನದಲ್ಲಿ. 1948ರಲ್ಲಿ ಸಂಸ್ಥಾನಗಳು ವಿಲೀನವಾದ ಮೇಲೆ ನಾನು ಹುಟ್ಟಿದ್ದು ಮುಂಬಯಿ ರಾಜ್ಯದಲ್ಲಿ. 1956ರ ನಂತರ ಹುಟ್ಟಿದ ನನ್ನ ತಂಗಿ ಮೈಸೂರು ರಾಜ್ಯದವಳು. 1973ರ ನಂತರದ ನನ್ನ ಮಗ ಕರ್ನಾಟಕದವನು, ಆದರೆ ಬಿಜಾಪುರ ಜಿಲ್ಲೆ. 1997ರಲ್ಲಿ ಹೊಸ ಜಿಲ್ಲೆಯಾದ ಮೇಲೆ ಹುಟ್ಟಿದ ಮೊಮ್ಮಗ ಬಾಗಲಕೋಟೆ ಜಿಲ್ಲೆಯವನು. ಐವರೂ ಒಂದೇ ಊರಿನವರು, ಒಂದೇ ಮನೆಯವರು.

ಸಮೀಪದ ಸಾವಳಗಿಯ ಬಿ.ಡಿ. ಜತ್ತಿಯವರು ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿಯಾಗಿದ್ದವರು, 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಮುಂದೆ ಉಪರಾಷ್ಟ್ರಪತಿಯಾಗಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆದರು. ಕಟ್ಟೆಯ ಹಿರಿಯರು ಇದನ್ನು ತಮ್ಮ ಮನೆಯ ಮಗ ಗೆದ್ದಂತೆ ಹೇಳುತ್ತಾರೆ.

ಆದರೆ ಚುನಾವಣೆ ಬಂದಾಗ "ಯಾರ ಪೈಕಿ?" ಎಂಬ ಪ್ರಶ್ನೆಯ ದನಿ ಬದಲಾಗುತ್ತದೆ. ಚಹಾ ಕುಡಿಸಲು ಕೇಳಿದ ಪ್ರಶ್ನೆ, ಜಾತಿ ಲೆಕ್ಕ ಹಾಕಲು ಕೇಳುವ ಪ್ರಶ್ನೆಯಾಗುತ್ತದೆ. ಅಡ್ಡಹೆಸರು ನೋಡಿ ಮತ ಎಣಿಸುತ್ತಾರೆ. ಇದು ನನಗೆ ಸೇರದ ಮಾತು. ಅಡ್ಡಹೆಸರು ಹಿರಿಯರ ಬೆವರಿನ ಗುರುತು. ಅದನ್ನು ಬೇಲಿ ಮಾಡಿಕೊಳ್ಳಬಾರದು.

ಇದಕ್ಕೆ ಉತ್ತರವೂ ನಮ್ಮ ಕೃಷ್ಣೆಯ ದಡದಲ್ಲೇ ಇದೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ಸರಕಾರದ ದಾರಿ ಕಾಯದೆ ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂಬ ಹೆಸರು ಬಂತು. ಮುಂದಾಳು ಸಿದ್ದು ನ್ಯಾಮಗೌಡರಿಗೆ ಬ್ಯಾರೇಜ್ ಸಿದ್ದು ಎಂದೇ ಹೆಸರಾಯಿತು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತು ಅವರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಇದೂ ಒಂದು ಅಡ್ಡಹೆಸರೇ ನೋಡಿ. ಆದರೆ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ಬಡಿಗೇರ, ಅಂಬಿಗೇರ ಎಂಬವೂ ಮೊದಲಿಗೆ ಹೀಗೆ ಕೆಲಸದಿಂದಲೇ ಬಂದವಲ್ಲವೇ?

ಮನೆತನದ ಲೆಕ್ಕ ಇಡಲು ನಮ್ಮ ಕಡೆ ಬೇರೆಯೇ ಜನರಿದ್ದಾರೆ. ಅವರು ಹೆಳವರು. ಬೆಳಗಿನ ಜಾವ ಎತ್ತಿನ ಮೇಲೆ ಕೂತು, ಕೈಯಲ್ಲಿ ಗಂಟೆ ಹಿಡಿದು ಮನೆಯ ಮುಂದೆ ನಿಂತು ಏಳೆಂಟು ತಲೆಮಾರಿನ ಹೆಸರು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಮೂಲ ಊರು ಯಾವುದು, ಯಾರು ಯಾವಾಗ ಬೇರೆಯಾದರು, ಯಾವ ಕವಲು ಎಲ್ಲಿಗೆ ಹೋಯಿತು ಎಲ್ಲ ಅವರ ಬಾಯಲ್ಲಿ, ಅವರ ಕಡತದಲ್ಲಿ. ಇಂಥ ಹೆಳವನಿಗೆ ಇಂಥ ಮನೆಗಳು ಎಂದು ವಂಶಪಾರಂಪರ್ಯವಾಗಿ ಹಂಚಿಕೆಯಾಗಿರುತ್ತಿತ್ತು. ಹೇಳಿದ್ದಕ್ಕೆ ಕಾಳು, ಬಟ್ಟೆ, ಹಣ, ಉಳ್ಳವರಾದರೆ ಒಂದು ಕರು. ಮನೆಯಲ್ಲಿ ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಂಡು ಮುಂದಿನ ಮನೆಗೆ. ಈಗ ಬರುವುದು ಅಪರೂಪ, ಬಂದರೂ ಮೋಟರ್‌ ಸೈಕಲ್ಲಿನ ಮೇಲೆ. ಹೆಳವರ ಮಕ್ಕಳೂ ಓದಿ ನೌಕರಿ ಹಿಡಿಯುತ್ತಿದ್ದಾರೆ. ಅದು ಆಗಬೇಕಾದದ್ದೇ.

ನಮ್ಮ ಮನೆಗೆ ಹೆಳವ ಕೊನೆಯ ಬಾರಿ ಬಂದಾಗ ಒಂಬತ್ತು ತಲೆಮಾರು ಹೇಳಿದ. ನಾನು ಹಿಗ್ಗಿನಿಂದ ಕೇಳುತ್ತಿದ್ದೆ. ನನ್ನ ಮನೆಯವರು ಮೊರದಲ್ಲಿ ಜೋಳ ತಂದು ಹಾಕಿ ಕೇಳಿದರು: "ಎಲ್ಲಾ ಖರೇ ಯಪ್ಪಾ. ಒಂಬತ್ತ ಮಂದಿ ಗಂಡಸರ ಹೆಸರ ಹೇಳಿದಿ. ಇವರನ್ನ ಹಡದವರು ಯಾರು?"

ಹೆಳವ ನಕ್ಕ. "ಅವ್ವಾ, ಆ ಹೆಸರು ನಿಮ್ಮ ತವರಿನ ಕಡತದಾಗೂ ಇಲ್ಲ, ಇಲ್ಲೂ ಇಲ್ಲ ನೋಡ್ರಿ" ಎಂದ.

ಇದು ನಗುವ ಮಾತಲ್ಲ. ಬಿ.ಕಾಂ. ಓದಿದವರಿಗೆ ಮೊದಲ ಪಾಠವೇ ಎರಡು ಬದಿಯ ಲೆಕ್ಕ. ಎಡಕ್ಕೊಂದು ಬರೆದರೆ ಬಲಕ್ಕೊಂದು ಬರೆಯಲೇಬೇಕು. ಒಂದು ಬದಿ ಖಾಲಿ ಬಿಟ್ಟ ಲೆಕ್ಕ ಎಂದೂ ತಾಳೆಯಾಗುವುದಿಲ್ಲ. ಒಂಬತ್ತು ತಲೆಮಾರಿನ ಲೆಕ್ಕದಲ್ಲಿ ಒಬ್ಬ ತಾಯಿಯ ಹೆಸರೂ ಇಲ್ಲವೆಂದರೆ ಅರ್ಧ ಮನೆತನವೇ ಕಳೆದುಹೋದಂತೆ. ಬೀಜ ಕಾಯ್ದಿಟ್ಟವರು, ರಾತ್ರಿಯೆಲ್ಲ ನೂಲು ಸುತ್ತಿದವರು, ಬರದಲ್ಲಿ ಮಕ್ಕಳನ್ನು ಉಳಿಸಿದವರು ಯಾರು? ಹೆಸರಿಲ್ಲ.

ಇದೇ ನೆಲದಲ್ಲಿ ಸಾವಿರ ವರ್ಷದ ಹಿಂದೆ ಒಬ್ಬ ಕವಿ ಈ ಲೆಕ್ಕವನ್ನು ಸರಿಯಾಗಿ ಬರೆದಿದ್ದಾನೆ. ಮುಧೋಳದ ರನ್ನ. ದೊರೆಯಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದವನು. ಆದರೂ ತಾನು ಬಳೆಗಾರರ ಕುಲದವನು, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ ಎಂದು ಮುಚ್ಚುಮರೆ ಇಲ್ಲದೆ ಹೇಳಿಕೊಂಡ. ತನಗೆ ಆಶ್ರಯ ಕೊಟ್ಟ ಅತ್ತಿಮಬ್ಬೆಯ ಹೆಸರನ್ನೇ ಮಗಳಿಗೆ ಇಟ್ಟ. ಕಸುಬು, ತಂದೆ, ತಾಯಿ, ಉಪಕಾರ ಮಾಡಿದವರು ಎಲ್ಲ ಜಮೆಯಾಗಿದ್ದಾರೆ. ಆದ್ದರಿಂದ ಅಬ್ಬಲಬ್ಬೆಯ ಹೆಸರು ನಮಗೆ ಗೊತ್ತು.

ಅಂದೇ ಸಂಜೆ ನಮ್ಮ ಮನೆಯವರು ಮೊಮ್ಮಗಳ ಹಳೆಯ ನೋಟ್‌ಬುಕ್ ಒಂದನ್ನು ತಂದು ನನ್ನ ಮುಂದೆ ಇಟ್ಟರು. ನಾನು ಲೆಜರಿನಂತೆ ನಡುವೆ ಗೆರೆ ಎಳೆದೆ. ಎಡಕ್ಕೆ ತಂದೆಯ ಕಡೆ, ಬಲಕ್ಕೆ ತಾಯಿಯ ಕಡೆ. ನನ್ನ ತಾಯಿ, ಅವರ ತಾಯಿ ತನಕ ಬರೆದು ನಿಂತೆವು. ಮುಂದಿನದನ್ನು ಕೇಳಲು ಸೋದರಮಾವನ ಮನೆಗೆ ಫೋನು. ಅಲ್ಲಿ ತೊಂಬತ್ತು ದಾಟಿದ ಚಿಗವ್ವ ಒಬ್ಬರಿದ್ದರು. ಅವರು ಮೂರು ಹೆಸರು ಹೇಳಿದರು, ಒಬ್ಬಾಕೆ ಹೊಳೆಯಾಚೆಯ ಊರಿಂದ ಹರಗೋಲಿನಲ್ಲಿ ಕೂತು ಮದುಮಗಳಾಗಿ ಬಂದದ್ದನ್ನೂ ಹೇಳಿದರು. ಆ ಚಳಿಗಾಲ ಮುಗಿಯುವ ಮೊದಲೇ ಚಿಗವ್ವ ತೀರಿಕೊಂಡರು. ಮೂರು ಹೆಸರು ನೋಟ್‌ಬುಕ್ಕಿನಲ್ಲಿವೆ.

ಮಕ್ಕಳೇ, ಈ ರಜೆಯಲ್ಲಿ ತೇರದಾಳಕ್ಕೆ ಬಂದರೆ ಪ್ರಭುಲಿಂಗೇಶ್ವರನ ಗುಡಿ ನೋಡಿ, ಬಸದಿ ನೋಡಿ, ಹಿಪ್ಪರಗಿಯ ಬ್ಯಾರೇಜಿನ ಮೇಲೆ ನಿಂತು ಕೃಷ್ಣೆಯನ್ನು ನೋಡಿ. ಮುಧೋಳದ ನಾಯಿಯ ಬೆನ್ನು ಸವರಿ, ಯಡಹಳ್ಳಿಯ ಚಿಂಕಾರವನ್ನು ದೂರದಿಂದ ನೋಡಿ. ಬರಲು ಆಗದಿದ್ದರೆ ನಿಮ್ಮ ಮನೆಯಲ್ಲೇ ಒಂದು ಪ್ರವಾಸ ಮಾಡಬಹುದು. ಖರ್ಚು ಒಂದು ನೋಟ್‌ಬುಕ್ಕಿನದು. ನಡುವೆ ಗೆರೆ ಎಳೆಯಿರಿ. ಮುತ್ಯಾನನ್ನು ಕೇಳಿ: ನಿಮ್ಮ ಅಪ್ಪ ಏನು ಕೆಲಸ ಮಾಡುತ್ತಿದ್ದರು? ನಮ್ಮ ಅಡ್ಡಹೆಸರು ಹೇಗೆ ಬಂತು? ಮೊದಲು ನಾವು ಯಾವ ಊರಿನವರು? ಆಮೇಲೆ ಅಡುಗೆ ಮನೆಗೆ ಹೋಗಿ ಅಮ್ಮನನ್ನು, ಅಜ್ಜಿಯನ್ನು ಕೇಳಿ: ನಿಮ್ಮ ಅವ್ವನ ಹೆಸರೇನು? ಅವರ ಅವ್ವನ ಹೆಸರೇನು? ಯಾವ ಊರಿಂದ ಬಂದವರು?

ಅಜ್ಜ ಅಜ್ಜಿಯರಿಗೂ ಒಂದು ಮಾತು. ಮಕ್ಕಳು ಕೇಳಲಿ ಎಂದು ಕಾಯಬೇಡಿ. ಹೆಳವ ಇನ್ನು ಬರಲಿಕ್ಕಿಲ್ಲ. ಊಟವಾದ ಮೇಲೆ ನೀವೇ ಕರೆದು ಕೂಡಿಸಿಕೊಂಡು ಹೇಳಿ, ಬರೆಸಿ. ಬಲಬದಿಯಿಂದ ಶುರು ಮಾಡಿ. ಬೇಗ ಮರೆತು ಹೋಗುವುದು ಆ ಹೆಸರುಗಳೇ.